ಕುದುರೆಯ ಪಟ್ಟಿಗೆ ಎರಡು ಗುರುತು

ಅಣ್ಣನ ಮಗನ ಮದುವೆ ನಿಶ್ಚಯವಾದಾಗ, ವರ ನಮ್ಮ ಕುದುರೆಯ ಮೇಲೆಯೇ ಬರಬೇಕೆಂದು ಅಣ್ಣ ಹಟ ಹಿಡಿದ. ಕುದುರೆಯೇನೋ ಖಾನಾಪುರದ ನಮ್ಮ ತೋಟದಲ್ಲಿತ್ತು. ಆದರೆ ಬಾಯಿಗೆ ಕಡಿವಾಣ ಹಾಕಿದ ಕೂಡಲೇ ತಲೆ ಎತ್ತಿ ಎತ್ತಿ ಕೊಡವುತ್ತಿತ್ತು. ಅದನ್ನು ಪಳಗಿಸಲು ಅಲ್ಲಿಯವರೇ ಆದ, ಎಲ್ಲರೂ ಚಾಚಾ ಎನ್ನುವ ಹಿರಿಯರೊಬ್ಬರನ್ನು ಕರೆದೆವು.

ಚಾಚಾ ಕಡಿವಾಣದ ಎರಡೂ ಬದಿಯಿಂದ ಕುದುರೆಯ ಹೊಟ್ಟೆಯ ಪಟ್ಟಿಗೆ ಒಂದೊಂದು ಚರ್ಮದ ಪಟ್ಟಿ ಕಟ್ಟಿ, ಉದ್ದನೆಯ ಹಗ್ಗ ಹಿಡಿದು ಸುತ್ತ ಓಡಿಸುತ್ತಿದ್ದರು.

"ಪಟ್ಟಿ ಸಡ್ಲ ಇರಬೇಕ್ರಿ. ತಲಿ ಎಲ್ಲಿ ಇಡಬೇಕಂತ ಅದಕ್ಕ ತಿಳೀಲಿ ಅಂತ ಅಷ್ಟ. ಬಿಗಿ ಮಾಡಿದ್ರ ಬಾಯಿ ನೋಯ್ತೈತಿ, ಕಡಿವಾಣ ಅಂದ್ರ ಅಂಜತೈತಿ. ಬ್ಯಾಂಡಿನ ಸಪ್ಪಳಕ್ಕ ಬೆದರಿ ಎರಡ ಕಾಲಮ್ಯಾಲ ಎದ್ದು ಹಿಂದಕ್ಕ ಬಿತ್ತಂದ್ರ, ಮದುಮಗ ಅದರ ಕೆಳಗ!"

ಮಾತು ಚೆನ್ನಾಗಿತ್ತು. ಚೆನ್ನಾಗಿ ಮಾತಾಡುವವರನ್ನು ಕಂಡರೆ ನನಗೆ ಮೊದಲೇ ಅನುಮಾನ. ಬೇಗ ಕೆಲಸ ಮುಗಿಸಬೇಕೆನ್ನುವವರು ನಮ್ಮ ಬೆನ್ನ ಹಿಂದೆ ಬಿಗಿಯಾಗಿಯೇ ಕಟ್ಟುತ್ತಾರೆ. ನನ್ನ ಹೆಂಡತಿಯ ಪ್ರಕಾರ ನಾನು ಮೊಸರಲ್ಲಿ ಕಲ್ಲು ಹುಡುಕುವವನು. ಇರಲಿ. ಚಾಚಾ ಬಕಲ್ ಹಾಕಿದ್ದ ತೂತಿನ ಪಕ್ಕ ನನ್ನ ಎಲೆಯಡಿಕೆ ಡಬ್ಬಿಯ ಸುಣ್ಣ ಹಚ್ಚಿ ಶಿವಬಸವ ನಗರದ ಮನೆಗೆ ಬಂದೆ.

ಮುಂದಿನ ಭಾನುವಾರ ನೋಡಿದರೆ, ಲಾಯದ ಗೂಟಕ್ಕೆ ತೂಗುತ್ತಿದ್ದ ಪಟ್ಟಿಯ ಬಕಲ್ ಸುಣ್ಣ ಬಿಟ್ಟು ಬಹಳ ಮುಂದೆ, ಬಿಗಿಯ ಕಡೆಗೆ ಸರಿದಿತ್ತು. ಕುದುರೆಯ ಬಾಯಿಯ ಮೂಲೆ ಕೆಂಪಾಗಿ ಸುಲಿದಿತ್ತು. ನನ್ನ ಪಿತ್ತ ನೆತ್ತಿಗೇರಿತು.

"ಏನ್ರೀ ಚಾಚಾ ಇದು? ನಾ ಗುರ್ತ ಮಾಡಿ ಹೋಗಿದ್ದೆ!"

ಚಾಚಾ ಪಟ್ಟಿಯನ್ನು ಮಗುಚಿ ತೋರಿಸಿದರು. ನಾನು ಸುಣ್ಣ ಹಚ್ಚಿದ್ದ ತೂತಿಗೇ ಹಿಂಬದಿಯಲ್ಲಿ ಒಂದು ಕರಿ ದಾರ ಕಟ್ಟಿತ್ತು.

"ನಾನೂ ಗುರ್ತ ಮಾಡೀನ್ರಿ. ನಾ ಇಲ್ಲದಾಗ ನೀವ ಬಂದು ಬಿಗಿ ಮಾಡಿ ಹೋಗ್ತೀರಿ ಅಂತ ನನಗ ಸಂಶೆ."

ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತ ನಿಂತಿರುವಾಗ ಅಣ್ಣನ ಕಾರು ಬಂತು. ಇಳಿದವನೇ ಮೊಬೈಲ್ ತೆಗೆದ.

"ಕಟ್ರಿ ಚಾಚಾ, ಫೋಟೊ ತಗಿಯೂಣು. ನಾ ಮಾಡಿಟ್ಟ ತೂತಿಗೇ ಹಾಕ್ರಿ ಮತ್ತ. ಸಡ್ಲ ಬಿಟ್ರ ಕುತ್ತಿಗಿ ಬಾಗಂಗಿಲ್ಲ, ಬೀಗರಿಗೆ ಕುದರಿ ಅಲ್ಲ, ಕತ್ತೆ ಕಂಡಂಗ ಕಾಣ್ತೈತಿ. ನೀವು ಊಟಕ್ಕ ಹೋದಾಗ ದಿನಾ ನಾನ ಬಂದು ಕಟ್ಟಿ ಬಿಚ್ಚತಿದ್ದೆ."

ಅವನ ಮುಖದಲ್ಲಿ ಅಳುಕೇ ಇರಲಿಲ್ಲ. ನಾನು ಅವನನ್ನು ಎಳೆದುಕೊಂಡು ಹೋಗಿ ಕುದುರೆಯ ಬಾಯಿ ತೋರಿಸಿದೆ.

"ನಿನ್ನ ಮಗಾ ಕುಂದರೂದು ಇದರ ಮ್ಯಾಲ."

"ಆತ್ ಬಿಡಪಾ, ಇನ್ನ ಮುಟ್ಟಂಗಿಲ್ಲ" ಎಂದ. ಅಷ್ಟು ಸುಲಭವಾಗಿ ಒಪ್ಪಿದ್ದೇ ನನಗೆ ಸರಿ ಕಾಣಲಿಲ್ಲ.

ಗಾಯ ಮಾಯುವವರೆಗೆ ಚಾಚಾ ಕಡಿವಾಣವನ್ನೇ ಹಾಕಲಿಲ್ಲ. ಆಮೇಲೆ ಮತ್ತೆ ಮೊದಲಿನಿಂದ, ಸಡಿಲವಾಗಿ. ಮದುವೆಯ ದಿನ ಬ್ಯಾಂಡು ಕಿವಿ ಹರಿಯುವಂತೆ ಬಾರಿಸುತ್ತಿದ್ದರೂ ಕುದುರೆ ಪಟ್ಟಿಯಿಲ್ಲದೆ, ತಲೆಯನ್ನು ತನ್ನಿಷ್ಟದಂತೆ ಇಟ್ಟುಕೊಂಡು ನಡೆಯಿತು. ಮೆರವಣಿಗೆ ಮುಗಿಯುವವರೆಗೆ ನನ್ನ ಜೀವ ಕೈಯಲ್ಲಿತ್ತು.

ಮದುವೆಯ ಆಲ್ಬಮ್ ಈಗಲೂ ಅಣ್ಣನ ಮನೆಯಲ್ಲಿದೆ. ಕುದುರೆಯ ಮೇಲೆ ವರ ನಗುತ್ತಿದ್ದಾನೆ, ಬೀಗರೆಲ್ಲ ಕ್ಯಾಮೆರಾ ನೋಡುತ್ತಿದ್ದಾರೆ. ನಾನು ಅಣ್ಣನ ಕೈ ನೋಡುತ್ತಿದ್ದೇನೆ. ಚಾಚಾ ನನ್ನ ಕೈ ನೋಡುತ್ತಿದ್ದಾರೆ.