ಖಾರ ಇಟ್ಟ ಮುದ್ದೆ

ಇಂದು ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬಂದೆ. ನೀರಿನ ತೊಟ್ಟಿ ಉಜ್ಜಿದೆ. ರಾಗಿ ಹರವಿದೆ. ಮಧ್ಯಾಹ್ನ ಮೆಣಸಿನಕಾಯಿ ಹುರಿದೆ. ಆ ಘಾಟು ಮೂಗಿಗೆ ಏರಿದ್ದೇ ಪಕ್ಕದ ತೋಟದ ಮಾವ ನೆನಪಾದರು…

ಗುಬ್ಬಿ ಕಡೆಯ ನಮ್ಮ ಊರಿನಲ್ಲಿ ಮುಧೋಳ ನಾಯಿ ಸಾಕಿದ್ದವರು ಅವರೊಬ್ಬರೇ. ಮೊದಲಿದ್ದ ನಾಯಿಗೆ ತೆಂಗಿನಕಾಯಿ ಕಳ್ಳರು ವಿಷ ಹಾಕಿದ್ದರು. ಹಾಗಾಗಿ ಎರಡನೆಯದಕ್ಕೆ, ಜಿಂಕೆ ಎಂದು ಹೆಸರಿಟ್ಟಿದ್ದ ಹೆಣ್ಣುನಾಯಿಗೆ, ತಮ್ಮನ್ನು ಬಿಟ್ಟು ಬೇರೆ ಯಾರು ಕೊಟ್ಟರೂ ತಿನ್ನದಂತೆ ಕಲಿಸಿದರು. ಕಲಿಸಿದ್ದು ನನ್ನ ಕೈಯಿಂದ. ಮುದ್ದೆಯೊಳಗೆ ಖಾರದಪುಡಿ ಇಟ್ಟು, ತಿನ್ನಿಸು ಎಂದು ನನಗೆ ಕೊಡುತ್ತಿದ್ದರು.

"ಪಾಪ ಅಲ್ವಾ ಮಾವ?"

"ಖಾರ ತಿಂದ್ರೆ ಒಂದಿನ ಉರೀತದೆ. ವಿಷ ತಿಂದ್ರೆ? ಕೊಡವ್ವ, ನಿಮ್ಮನೆ ಸಾರಿಗಿಂತ ಕಮ್ಮೀನೇ ಹಾಕಿವ್ನಿ."

ಮೂರೇ ಸಲ. ಆಮೇಲೆ ನಾನು ಏನು ಹಿಡಿದರೂ ಜಿಂಕೆ ಮುಖ ತಿರುಗಿಸುತ್ತಿತ್ತು. ಆ ತಳಿಯೇ ಹಾಗೆ, ಸೂಕ್ಷ್ಮ. ಗದರಿದರೆ ಎರಡು ದಿನ ಮಂಕು, ಹಚ್ಚಿಕೊಂಡರೆ ಒಬ್ಬರನ್ನೇ. ದಿನಾ ಸಂಜೆ ಮಾವ ಜಗುಲಿಯ ಮೇಲೆ ಕೂತು ಅದರ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಹುಡುಕಿ ಕೀಳುತ್ತಿದ್ದರು.

ಒಂದು ಬೇಸಿಗೆ ಮಾವನಿಗೆ ಎದೆನೋವು ಬಂದು ತುಮಕೂರಿನ ಆಸ್ಪತ್ರೆಗೆ ಸೇರಿಸಿದರು. ನೋಡಿಕೊಳ್ಳಲು ಬೇರೆ ಯಾರೂ ಇಲ್ಲದೆ ಜಿಂಕೆ ನನ್ನ ಪಾಲಿಗೆ ಬಂತು. ಅನ್ನ ಮೊಸರು ಕಲಸಿ ಇಟ್ಟೆ, ಮೂಸಿಯೂ ನೋಡಲಿಲ್ಲ. ಫೋನಿನಲ್ಲಿ ಮಾವ, "ಹಟ ಅದಕ್ಕೆ. ಹಸಿದ್ರೆ ತಿಂತದೆ ಬುಡವ್ವ" ಎಂದರು. ನಾನೂ ಹಟವೆಂದೇ ಬಿಟ್ಟೆ. ಆ ತಳಿಗೆ ಪಕ್ಕೆಲುಬು ಮೊದಲೂ ಕಾಣುತ್ತಿದ್ದವು, ಸೊರಗಿದ್ದು ತಿಳಿಯಲಿಲ್ಲ… ಐದನೇ ದಿನ ಅದು ಏಳಲಿಲ್ಲ. ಪಶುವೈದ್ಯರು ಬಂದು ತುಟಿ ಎತ್ತಿ ತೋರಿಸಿದರು. ಒಸಡು ಸುಣ್ಣದಂತೆ ಬಿಳಿಚಿತ್ತು.

"ಉಣ್ಣಿ ಜ್ವರ ಕಣಮ್ಮ, ಹಟ ಅಲ್ಲ. ಮೊದಲ್ನೇ ದಿನಾನೇ ಕರೆಯೋಕೇನಾಗಿತ್ತು?"

ಸೂಜಿ ಚುಚ್ಚಿದರು. ಸಂಜೆಗೆ ಜಿಂಕೆ ಹೋಯಿತು.

ಮನೆಗೆ ಬಂದ ಮಾವ ಖಾಲಿ ಸರಪಳಿಯನ್ನು ನೋಡುತ್ತಾ ಕೂತರು. "ಖಾರ ಇಟ್ಟು ನಾನೇ ಉಪವಾಸ ಸಾಯಿಸ್ದೆ ಕಣವ್ವ" ಎಂದರು. ಜ್ವರದ ಮಾತು ನನ್ನ ಬಾಯಿಗೆ ಬಂದಿತ್ತು. ಹೇಳಿದ್ದರೆ ತಪ್ಪು ನನ್ನದಾಗುತ್ತಿತ್ತು. ನಾಳೆ ಹೇಳೋಣವೆಂದುಕೊಂಡೆ, ನಾಡಿದ್ದು ಹೇಳೋಣವೆಂದುಕೊಂಡೆ… ಮಳೆಗಾಲ ಮುಗಿಯುವ ಮೊದಲೇ ಮಾವನೂ ಹೋದರು, ಅದು ತಮ್ಮದೇ ತಪ್ಪೆಂದು ತಿಳಿದುಕೊಂಡೇ.

ಈಗ ನಮ್ಮ ಬಾಗಿಲಲ್ಲಿರುವ ನಾಯಿ ಯಾರು ಕೊಟ್ಟರೂ ತಿನ್ನುತ್ತದೆ. ಸಂಜೆ ಅದರ ಕಿವಿ ನೋಡಿದೆ, ತುಟಿ ಎತ್ತಿ ಒಸಡು ನೋಡಿದೆ. ಊಟಕ್ಕೆ ಮುದ್ದೆ, ಹುರುಳಿಕಾಳಿನ ಸಾರು. ಮೊದಲು ಮನೆಯವರು ಮಲಗಿದರು, ಆಮೇಲೆ ನಾಯಿ.