ಸುಜಾತಾಳ ಮರಳು

ಸುಜಾತಾ ಸಮುದ್ರ ನೋಡಿಲ್ಲ. ಆದರೆ ಕರಾವಳಿಯ ಯಾವ ದಂಡೆ ಸವೆದಿದೆ, ಯಾವ ಮರಳದಿಬ್ಬ ಹೋದ ವರ್ಷಕ್ಕಿಂತ ಒಳಕ್ಕೆ ಸರಿದಿದೆ ಎಂದು ಯಾರಾದರೂ ಕೇಳಿದರೆ ಸಾಕು, ಉಣ್ಣುವ ತಟ್ಟೆಯ ಮೇಲೇ ಬೆರಳಿನಿಂದ ಗೆರೆ ಎಳೆದು ತೋರಿಸುತ್ತಾಳೆ. ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ, ಮಾಳಿಗೆ ಮೇಲಿನ ಒಂದು ಸಣ್ಣ ಕಚೇರಿಯಲ್ಲಿ ಅವಳ ಕೆಲಸ. ನಾನು ಮಲ್ಲಿಕಾ, ದೇವದುರ್ಗದ ಕಡೆಯವಳು, ಅವಳ ಜೊತೆ ಒಂದೇ ಬಾಡಿಗೆ ಕೋಣೆಯಲ್ಲಿರುವವಳು. ರಕ್ತ ತಪಾಸಣೆಯ ಲ್ಯಾಬಿನಲ್ಲಿ ನಾನು ಸೂಜಿ ಚುಚ್ಚುತ್ತೇನೆ, ಅವಳು ತನ್ನ ಕಚೇರಿಯಲ್ಲಿ ಕೂತು ಚುಕ್ಕಿ ಅಳಿಸುತ್ತಾಳೆ.

ಚುಕ್ಕಿ ಅಂದರೆ ಏನು ಎಂದು ನನಗೆ ತಿಳಿಯಲು ಬಹಳ ದಿನ ಬೇಕಾಯಿತು. ಡ್ರೋನ್ ದಂಡೆಯ ಮೇಲೆ ಹಾರುತ್ತಾ ಲೇಸರ್ ಬೆಳಕು ಬಿಡುತ್ತದೆ. ಬೆಳಕು ನೆಲಕ್ಕೆ ತಾಗಿ ವಾಪಸು ಬರುವ ಹೊತ್ತು ಅಳೆದರೆ ಆ ಜಾಗದ ಎತ್ತರ ಸಿಗುತ್ತದೆ, ಅದೇ ಒಂದು ಚುಕ್ಕಿ. ಅಂಥವು ಕೋಟಿಗಟ್ಟಲೆ. ಅದರಲ್ಲಿ ಮನೆ, ಗಿಡ, ದೋಣಿ ಎಲ್ಲವನ್ನೂ ಬೇರೆ ಮಾಡಿ ಬರಿಯ ನೆಲ ಉಳಿಸಬೇಕು. ಎಲ್ಲಕ್ಕಿಂತ ಮೊದಲು ನೀರು ಅಳಿಸಬೇಕು. ಅರ್ಧ ಕೆಲಸ ಕಂಪ್ಯೂಟರೇ ಮಾಡುತ್ತದೆ, ಅದು ಎಡವಿದ ಕಡೆ ಇವಳು ತಿದ್ದುತ್ತಾಳೆ. ಮಾನ್ವಿಯಲ್ಲಿ ಜೀವಮಾನವೆಲ್ಲ ಬೇರೆಯವರ ಗದ್ದೆಯಲ್ಲಿ ಭತ್ತ ನಾಟಿ ಮಾಡಿದ ಅವಳ ಅವ್ವ ಮಾನಮ್ಮ ಮಾತ್ರ ಓಣಿಯಲ್ಲೆಲ್ಲ ಒಂದೇ ಮಾತು ಹೇಳಿಕೊಂಡು ಬಂದಿದ್ದಾಳೆ: "ನಮ್ಮ ಸುಜಾತಾ ಸಮುದ್ರದಾಗ ಕೆಲಸ ಮಾಡ್ತಾಳ."

ಆ ಮಾತು ಈ ವರ್ಷ ನಿಜವಾಗುವುದರಲ್ಲಿತ್ತು. ನಕ್ಷೆಯನ್ನು ದಂಡೆಯ ಜೊತೆ ತಾಳೆ ನೋಡಲು ಬೇಸಿಗೆಯಲ್ಲಿ ಹೊನ್ನಾವರಕ್ಕೆ ಒಬ್ಬರು ಹೋಗಬೇಕು, ನೀನೇ ಹೋಗು ಎಂದು ಕಚೇರಿಯ ಮುಖ್ಯಸ್ಥ ಉದಯಕುಮಾರ್ ಹೇಳಿದ್ದರು. ಸುಜಾತಾ ಅಂದೇ ನೀರಿಗೆ ಕೆಡದಂಥ ಹೊಸ ಚಪ್ಪಲಿ ತಂದಳು. ಕೋಣೆಯೊಳಗೆ ಹಾಕಿಕೊಂಡು ಅತ್ತಿಂದಿತ್ತ ನಡೆಯುತ್ತಿದ್ದಳು. ಅಲೆ ಬಂತು ನೋಡು ಎಂದು ನಾನು ಬಕೆಟ್ಟಿನ ನೀರು ಚಿಮುಕಿಸುತ್ತಿದ್ದೆ.

ನಡುವೆ ಹತ್ತಿರದ್ದೇ ಒಂದು ಕೆಲಸ ಬಂತು. ದೇವದುರ್ಗ ತಾಲ್ಲೂಕಿನಲ್ಲಿ ಕೃಷ್ಣಾ ನದಿಯ ಮರಳು ಎಲ್ಲೆಲ್ಲಿ, ಎಷ್ಟೆತ್ತರ ನಿಂತಿದೆ ಎಂಬ ನಕ್ಷೆ. ಬರಿಯ ಮರಳಿದ್ದಲ್ಲಿ ಎತ್ತಲು ಪರವಾನಗಿ, ಬೆಳೆ ಇದ್ದಲ್ಲಿ ಇಲ್ಲ. ಒಂದು ಕಡೆ ಮರಳು ಸಣ್ಣ ಸಣ್ಣ ಅಲೆಯಾಗಿ ಎದ್ದಿತ್ತು. ಕರಾವಳಿಯ ದಿಬ್ಬಗಳ ಮೇಲೆ ಗಾಳಿ ಎಬ್ಬಿಸುವ ಇಂಥ ಅಲೆಗಳನ್ನು ನೋಡಿ ನೋಡಿ ಅವಳ ಕಣ್ಣು ಪಳಗಿತ್ತು. ಬರಿಯ ಮರಳು ಎಂದು ಗುರುತು ಹಾಕಿ ಕಳಿಸಿದಳು.

ಕೆಲವು ವಾರಗಳ ಮೇಲೆ ನನ್ನ ಚಿಗವ್ವ ಮುದುಕಮ್ಮ ಕಣ್ಣು ತೋರಿಸಲು ರಾಯಚೂರಿಗೆ ಬಂದಳು. ಅವಳದು ಹೊಳೆದಂಡೆಯ ಊರು. ಹೊಳೆ ಇಳಿದ ಮೇಲೆ ಊರಿನವರು ಮರಳಿನಲ್ಲಿ ಜಾಲಿಯ ಟೊಂಗೆ ನೆಟ್ಟು ಪಾಲು ಮಾಡಿಕೊಂಡು, ಹಸಿ ಸಿಗುವ ತನಕ ಗುಣಿ ತೋಡಿ, ಗೊಬ್ಬರ ತುಂಬಿ ಕಲ್ಲಂಗಡಿ ಹಾಕುತ್ತಾರೆ. ನಾನು ಹುಟ್ಟಿದಾಗಿನಿಂದ ತಿಂದ ಹಣ್ಣು ಅದು.

"ಯಾರೋ ಬಂದು ನಮ್ಮ ಪಾತಿ ಸುತ್ತ ಕೆಂಪು ಬಾವುಟ ಹುಗದು ಹೋಗ್ಯಾರವ್ವ," ಎಂದಳು ಚಿಗವ್ವ. "ಉಸುಕು ಎತ್ತತೀವಿ, ಬಳ್ಳಿ ತಗೀರಿ ಅಂತಾರ. ಕಾಯಿ ಈಗಷ್ಟ ಮುಷ್ಟಿ ಗಾತ್ರ ಆಗ್ಯಾವ. ಯಾಕ್ರೀ ಅಂದ್ರ, ನಕಾಶಿದಾಗ ಇಲ್ಲಿ ಬರೇ ಉಸುಕ ಅದ ಅಂದ್ರು."

ಬದನೆಕಾಯಿ ಹೆಚ್ಚುತ್ತಿದ್ದ ಸುಜಾತಾಳ ಕೈ ನಿಂತಿತು. "ಚಿಗವ್ವಾ, ಗುಣಿ ತೋಡಿದ ಉಸುಕು ಯಾವ ಕಡಿ ಹಾಕ್ತೀರಿ?"

"ಗಾಳಿ ಬರೂ ಕಡಿ. ಇಲ್ಲಂದ್ರ ಗುಣಿ ಮುಚ್ಚಿಹೋಗ್ತಾವಲ್ಲ. ಯಾಕವ್ವ?"

ಸುಜಾತಾ ಮತ್ತೆ ಹೆಚ್ಚತೊಡಗಿದಳು. ಮರುದಿನ ಕಚೇರಿಯಲ್ಲಿ ಕೃಷ್ಣಾ ನದಿಯ ಫೈಲ್ ತೆರೆದಳು. ಅಲೆ ಎಂದುಕೊಂಡಿದ್ದ ಸಾಲುಗಳ ನಡುವೆ ನೀರಿನ ಕೊಡ ಹೊತ್ತವರು ನಡೆಯುವಷ್ಟು ದಾರಿ ಬಿಟ್ಟಿತ್ತು. ಗಾಳಿ ಯಾರಿಗೂ ದಾರಿ ಬಿಡುವುದಿಲ್ಲ. ಡ್ರೋನ್ ಹಾರಿದ್ದು ಗುಣಿ ತೋಡಿ ಬೀಜ ಹಾಕಿದ ಹೊಸದರಲ್ಲಿ, ಆಗ ಒಂದು ಎಲೆಯೂ ಮೇಲೆ ಬಂದಿರಲಿಲ್ಲ.

ಸಂಜೆ ಚಿಗವ್ವ ಹೊರಗೆ ಹೋಗಿದ್ದಳು; ಸುಜಾತಾ ಬಂದವಳೇ ಬಾಗಿಲಲ್ಲೇ ನಿಂತು ಹೇಳಿದಳು: "ಮಲ್ಲಿಕಾ, ನಿಮ್ಮ ಚಿಗವ್ವನ ಪಾತಿನ ಬರೇ ಉಸುಕು ಅಂತ ಬರದಾಕಿ ನಾನ."

ನನಗೆ ಕೆಟ್ಟ ಸಿಟ್ಟು ಬಂತು. "ಸಮುದ್ರ ಸಮುದ್ರ ಅಂತ ಕುಣಿದಿ, ಮಗ್ಗಲದಾಗಿನ ಹೊಳಿ ಕಾಣಲಿಲ್ಲೇನು ನಿನಗ?" ಎಂದೆ. ಅವಳು ಒಳಗೆ ಬಂದು, ನಿಮ್ಮ ಚಿಗವ್ವನ ಊರಿಗೆ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದಳು. ಎದುರು ಮಾತಾಡಿದ್ದರೆ ನನಗೆ ಹಗುರವಾಗುತ್ತಿತ್ತು.

ರಜೆಯ ದಿನ ಇಬ್ಬರೂ ಚಿಗವ್ವನ ಜೊತೆ ದೇವದುರ್ಗದ ಬಸ್ಸು ಹತ್ತಿದೆವು. ಕಾದ ಮರಳಿಗೆ ಸುಜಾತಾ ಆ ಹೊಸ ಚಪ್ಪಲಿಯನ್ನೇ ಹಾಕಿಕೊಂಡು ಬಂದಿದ್ದಳು. ಬಳ್ಳಿ ತುಳಿಯದಂತೆ ಸಾಲಿನ ನಡುವೆ ನಡೆದು, ಪಾತಿಗಳ ಮೂಲೆ ಮೂಲೆಯನ್ನೂ ಫೋನಿನಲ್ಲಿ ಗುರುತು ಮಾಡಿಕೊಂಡು ಫೋಟೋ ತೆಗೆದಳು. ಕೆಂಪು ಬಾವುಟಗಳು ಕಾಯಿಗಳ ನಡುವೆಯೇ ಇದ್ದವು.

ಉದಯಕುಮಾರ್ ಕೆಟ್ಟ ಮನುಷ್ಯರಲ್ಲ. ಫೋಟೋ ಎಲ್ಲ ನೋಡಿ, "ಹಾರಿಸಿದ ದಿನ ಅಲ್ಲಿ ಎಲಿ ಇದ್ದಿಲ್ಲ, ಅವತ್ತಿನ ಮಟ್ಟಿಗೆ ನಕಾಶಿ ಸರಿನ ಅದ," ಎಂದರಂತೆ. "ಈಗ ತಿದ್ದಿ ಕಳಿಸಿದ್ರ ಯಾರ ತಪ್ಪು ಅಂತ ಕೇಳ್ತಾರ."

"ನಂದು ಅಂತ ಬರೀರಿ, ಸರ್."

"ಹಂಗ ಬರದ ಮ್ಯಾಲ ನಿನ್ನ ಹೊನ್ನಾವರಕ್ಕ ಕಳಸಾಕ ಬರಂಗಿಲ್ಲವ್ವ. ತಪ್ಪು ಹಾಕಿದಾಕಿನ್ನ ತಾಳೆ ನೋಡಾಕ ಕಳಿಸ್ಯಾರ ಅಂತಾರ. ವಿಚಾರ ಮಾಡು."

"ಮಾಡೀನ್ರಿ. ಬರೀರಿ."

ತಿದ್ದಿದ ನಕ್ಷೆ ಹೋಯಿತು. ವಾರದೊಳಗೆ ಬಾವುಟ ನೆಟ್ಟವರೇ ಬಂದು ಕಿತ್ತುಕೊಂಡು ಹೋದರು. ಹೊನ್ನಾವರಕ್ಕೆ ಪಕ್ಕದ ಮೇಜಿನ ಮುಕರ್ರಂ ಹೋಗುವುದೆಂದಾಯಿತು. ಅಂದು ಸುಜಾತಾ ಮುಚ್ಚಿಟ್ಟುಕೊಳ್ಳದೆ ಅತ್ತಳು. "ಅವ್ವಗ ಏನಂತ ಹೇಳಲಿ?" ಎಂದು ಕೇಳಿದಳು. ಬೈದದ್ದಕ್ಕೆ ನನಗೆ ನಾಚಿಕೆಯಾಯಿತು. ಚಿಗವ್ವನಿಗೆ ಇದೇನೂ ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಳು.

ಮುಕರ್ರಂ ಹೊರಡುವ ಮೊದಲು ಅವಳು ಕರಾವಳಿಯ ಫೈಲನ್ನು ಮತ್ತೆ ಜಾಲಾಡಿದಳು. ಒಂದು ದಿಬ್ಬದ ಬೆನ್ನಿಗೆ, ತಾನೇ ಗಾಳಿಯ ಅಲೆ ಎಂದು ಬಿಟ್ಟಿದ್ದ ಸಣ್ಣ ಸಾಲೊಂದು ಸಿಕ್ಕಿತು. "ಇಲ್ಲಿ ಯಾರರ ಅದಾರೇನು ನೋಡಿ ಬಾ," ಎಂದು ಅವನಿಗೆ ಹೇಳಿ ಕಳಿಸಿದಳು.

ಅವನು ಅಲ್ಲಿಂದ ಕಳಿಸಿದ ಫೋಟೋ ಬಂದ ದಿನ ಚಿಗವ್ವ ಚೀಲದ ತುಂಬ ಕಲ್ಲಂಗಡಿ ಹೊತ್ತು ನಮ್ಮ ಕೋಣೆಗೆ ಬಂದಿದ್ದಳು. ಮರಳಿನಲ್ಲಿ ಸಾಲುಗುಣಿ, ಗುಣಿಯಲ್ಲಿ ಹರಿವೆ ಸೊಪ್ಪು, ನೀರು ಹಾಕುತ್ತ ಬಾಗಿದ ಒಬ್ಬ ಮುದುಕಿ, ಅವಳ ಹಿಂದೆ ಸಮುದ್ರ. ಚಿಗವ್ವ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಈಕಿನೂ ಗಾಳಿ ಬರೂ ಕಡಿನ ಉಸುಕು ಹಾಕ್ಯಾಳ ನೋಡ್ರಿ," ಎಂದಳು.

ಸುಜಾತಾ ನಕ್ಕಳು. ಇವಳ ಪಾತಿಯನ್ನೂ ನಾಳೆಯೇ ನಕ್ಷೆಗೆ ಸೇರಿಸುತ್ತೇನೆ ಎಂದಳು. ಆಮೇಲೆ ಫೋನು ಇಸಕೊಂಡು, ಮುದುಕಿಯ ಹಿಂದಿನ ನೀಲಿಯನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದಳು.

"ದಿನಾ ಎಲ್ಲಕ್ಕಿಂತ ಮೊದಲು ಅಳಸ್ತಿದ್ದೆ, ಇದನ್ನ," ಎಂದಳು.

ಚಿಗವ್ವನಿಗೆ ಅರ್ಥವಾಗಲಿಲ್ಲ. ಹಣ್ಣು ಕೊಯ್ದು ನಡುವಿನ ಹೋಳನ್ನು ಅವಳಿಗೇ ಕೊಟ್ಟಳು.