ಶೆಫಿನ್‌ಗೆ ಕೊಟ್ಟ ಪೇಡೆ

ಜರ್ಮನಿಯವರು ಕೆಲಸಕ್ಕೆಂದು ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಐದು ವರ್ಷಕ್ಕೆಂದು ವೋಲ್ಫ್ಸ್‌ಬುರ್ಗ್‌ಗೆ ಹೋದ ಹೊಸತು. ಎದುರುಮನೆಯ ಜರ್ಮನ್ ಹೆಂಗಸು ತಾನು ‘ಶೊಫಿನ್’ ಆಗಿರುವುದಾಗಿ ಹೇಳಿದಳು. ಆ ಭಾಷೆಯ ಸುಡುಗಾಡು ಸ್ವರಗಳು! ನನಗದು ‘ಶೆಫಿನ್’ ಎಂದು ಕೇಳಿಸಿತು, ಅಂದರೆ ಬಾಸ್.

ಕೆಲವು ವಾರಗಳ ಮೇಲೆ ನೋಡಿದರೆ ಆಕೆ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. “ಇವತ್ತು ಮುಗೀತು. ಜೀವನಪೂರ್ತಿ!” ಎಂದಳು. ನೌಕರಿ ಕಾಯಂ ಆದ ಆನಂದಬಾಷ್ಪವೆಂದುಕೊಂಡು ಧಾರವಾಡ ಪೇಡೆಯ ಡಬ್ಬಿಯನ್ನೇ ತಂದು ಮುಂದೆ ಹಿಡಿದೆ.

“ಪುಣ್ಯವಂತರು ನೀವು. ನನಗ ಐದೇ ವರ್ಷ ಕೊಟ್ಟಾರ,” ಎಂದೆ, ನನ್ನ ಹರಕು ಜರ್ಮನ್‌ನಲ್ಲಿ.

ಬಾಯಲ್ಲಿ ಪೇಡೆಯಿದ್ದಂತೆಯೇ ಆಕೆ ಎದ್ದು ಹಿಂದೆ ಸರಿದಳು. “ಏನು ಮಾಡಿದ್ರಿ?”

“ಸಾಫ್ಟ್‌ವೇರ್.”

ಬಾಗಿಲಲ್ಲಿದ್ದ ನನ್ನ ಹೆಂಡತಿ ಹಣೆ ಬಡಿದುಕೊಂಡಳು. “ಅಯ್ಯ, ಅಕಿ ಬಾಸ್ ಅಲ್ರೀ! ಶೊಫಿನ್ ಅಂದ್ರ ಕೋರ್ಟಿನ್ಯಾಗ ಜಡ್ಜ್ ಜೋಡಿ ಕುಂತು ತೀರ್ಪು ಕೊಡೋ ಸಾಮಾನ್ಯ ಮಂದಿಯೊಳಗ ಒಬ್ಬಾಕಿ. ಇವತ್ತ ಒಬ್ಬ ಕೊಲೆಗಾರಗ ಜೀವಾವಧಿ ಕೊಟ್ಟು ಬಂದು ಅಳಾಕತ್ತಾಳ!”

ನನ್ನ ಐದು ವರ್ಷ ಜೈಲಿನದಲ್ಲ, ಗ್ರೀನ್ ಕಾರ್ಡಿನದು ಎಂದು ಎದುರುಮನೆಯಾಕೆಗೂ ಬಿಡಿಸಿ ಹೇಳಿದಳು. ನಾನು ನಾಚಿ ಡಬ್ಬಿ ಮುಚ್ಚಲು ಹೋದರೆ ಎದುರುಮನೆಯಾಕೆ ಬಿಡಲಿಲ್ಲ. ಅವನ ಮುಖ ಕಣ್ಣಮುಂದಿನಿಂದ ಹೋಗುತ್ತಿಲ್ಲ ಎನ್ನುತ್ತ ಅತ್ತಳು, “ಸಾಫ್ಟ್‌ವೇರ್” ಎನ್ನುತ್ತ ನಕ್ಕಳು, ನಾಲ್ಕು ಪೇಡೆ ಮುಗಿಸಿದಳು. ಅಂದಿನಿಂದ ಎಲ್ಲಿ ಸಿಕ್ಕರೂ ಒಂದೇ ಪ್ರಶ್ನೆ: “ನಿಮ್ಮ ಬಿಡುಗಡೆ ಯಾವಾಗ?”